ಗ್ರೀಕ್ ಬೀಗರಿಗೆ ವೀರಯುಗದ ಉಪಚಾರ

ನಮ್ಮ ಮಗಳು ಅನಘಾ ಒಬ್ಬ ಗ್ರೀಕ್ ಹುಡುಗನನ್ನು ಮೆಚ್ಚಿದ್ದಾಳೆ ಎಂದು ಗೊತ್ತಾದ ದಿನ ನನ್ನ ಹೆಂಡತಿ ಸುಮ ಮಾತು ಬಿಟ್ಟಳು. ನಾನು ಮಾತ್ರ ಒಂದಿಷ್ಟೂ ಹೆದರಲಿಲ್ಲ. ಗ್ರೀಕರೆಂದರೆ ಯಾರು? ಮಹಾಕಾವ್ಯದ ಜನ. ನಾವು? ನಾವೂ ಮಹಾಕಾವ್ಯದ ಜನ. ಅವರ ದೇವತೆಗಳೂ ಯುದ್ಧದಲ್ಲಿ ಪಕ್ಷ ಕಟ್ಟುತ್ತಾರೆ, ನಮ್ಮವರೂ ಕಟ್ಟುತ್ತಾರೆ. ಇಷ್ಟು ಸಾಮ್ಯ ಜಾತಕದಲ್ಲೂ ಸಿಗುವುದಿಲ್ಲ ಎಂದು ಸುಮಳಿಗೆ ವಿವರಿಸಿದೆ.

"ಹುಡುಗ ಕ್ವೀನ್ಸ್‌ನವನು. ಇನ್ಶೂರೆನ್ಸ್ ಕಂಪನೀಲಿ ಕೆಲಸ. ಅವನಿಗೂ ಯುದ್ಧಕ್ಕೂ ಏನ್ರೀ ಸಂಬಂಧ?" ಎಂದಳು. ಅಂತೂ ಮಾತಾಡಿದಳಲ್ಲ, ಅದೇ ಪುಣ್ಯ.

ಹುಡುಗ ನಿಕೋ. ಅವನ ಅಪ್ಪ ಅಮ್ಮ ಒಂದು ಭಾನುವಾರ ಎಡಿಸನ್‌ನ ನಮ್ಮ ಮನೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಯಿತು. ಅನಘಾ ಮ್ಯಾನ್‌ಹಟನ್‌ನಿಂದ ಫೋನ್ ಮಾಡಿ ನನಗೊಬ್ಬನಿಗೇ ಪ್ರತ್ಯೇಕವಾಗಿ ಎಚ್ಚರಿಕೆ ಕೊಟ್ಟಳು.

"ಅಪ್ಪ, ಪ್ಲೀಸ್, ನೋ ಇಂಟರ್‌ವ್ಯೂ. ಸ್ಯಾಲರಿ ಕೇಳಬೇಡ. ಮನೆ ಓನ್ ಮಾಡಿದ್ದೀರಾ, ರೆಂಟಾ ಅಂತ ಕೇಳಬೇಡ. ನಿಕೋನ ಅಮ್ಮ ಇನ್ನೂ ಯೆಸ್ ಅಂದಿಲ್ಲ. ನಮ್ಮನ್ನ ನೋಡಿ ಡಿಸೈಡ್ ಮಾಡ್ತಾರೆ. ದಿಸ್ ಈಸ್ ಮೈ ಲೈಫ್, ಅಪ್ಪ."

ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ನಡುಗಿತು. ನನಗೆ ಕರುಳು ಚುರುಕ್ಕೆಂದಿತು. ಮಗಳಿಗಾಗಿ ಏನಾದರೂ ದೊಡ್ಡದು ಮಾಡಲೇಬೇಕು ಎನ್ನಿಸಿ, ಮಾರನೆಯ ದಿನವೇ ಲೈಬ್ರರಿಗೆ ಹೋಗಿ ಗ್ರೀಕ್ ಮಹಾಕಾವ್ಯಗಳ ಹಿನ್ನೆಲೆ ಕುರಿತ ದಪ್ಪ ಪುಸ್ತಕವೊಂದನ್ನು ತಂದೆ.

ಬೀಗರಿಗಾಗಿ ಹಿಡಿದ ಪುಸ್ತಕ ನನ್ನನ್ನೇ ಹಿಡಿದುಕೊಂಡುಬಿಟ್ಟಿತು. ಪಿಸ್ಕಾಟವೇಯ ಆಫೀಸಿನಲ್ಲಿ ಲಂಚ್ ಅವರ್ ಪೂರ್ತಿ ಅದನ್ನೇ ಓದುತ್ತಿದ್ದೆ. ಆ ಕಾಲದ ಗಾಯಕರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲವಂತೆ. ಎಲ್ಲ ನೆನಪಿನಿಂದ ಹಾಡುವುದು. ತಾವಿದ್ದದ್ದು ಕಬ್ಬಿಣದ ಕಾಲದಲ್ಲಿ, ಹಾಡುತ್ತಿದ್ದದ್ದು ಎಂದೋ ಸುಟ್ಟುಹೋದ ಅರಮನೆಗಳ ಕಂಚಿನ ಕಾಲದ ವೀರರನ್ನು. ತಾವು ಕಣ್ಣಲ್ಲೇ ಕಾಣದ ಲೋಕವನ್ನು ಅಷ್ಟು ದಿನ ಬಾಯಲ್ಲಿ ಹೇಗೆ ಕಾಪಾಡಿದರು? ಅದಕ್ಕೊಂದು ಉಪಾಯವಿತ್ತು. ಪ್ರತಿ ವೀರನಿಗೂ ಛಂದಸ್ಸಿಗೆ ಹೊಂದುವ ಒಂದೊಂದು ಸಿದ್ಧ ವಿಶೇಷಣ. ಅದನ್ನು ಹಾಡಿ ಮುಗಿಸುವಷ್ಟರಲ್ಲಿ ಗಾಯಕನಿಗೆ ಮುಂದಿನ ಸಾಲು ಹೊಳೆಯುತ್ತಿತ್ತು.

ಇದು ನನಗೆ ಎಷ್ಟು ಹಿಡಿಸಿತೆಂದರೆ ಮನೆಯಲ್ಲೂ ಜಾರಿಗೆ ತಂದೆ. "ಒಗ್ಗರಣೆಹಸ್ತದ ಸುಮಾ, ಕಾಫಿ ಇದೆಯೇ?" ಎಂದೆ.

"ಒಗ್ಗರಣೆಹಸ್ತದವಳು ಹೇಳ್ತಿದ್ದೀನಿ, ಮೊದಲು ಕಸದ ಡಬ್ಬ ಹೊರಗಿಡಿ" ಎಂದಳು.

ಆ ವೀರರು ಅತಿಥಿ ಬಂದರೆ ತಾವೇ ಮಾಂಸ ಕೊಯ್ದು ಸುಟ್ಟು ಬಡಿಸುತ್ತಿದ್ದರು ಎಂಬ ವಿಷಯವನ್ನೂ ಅವಳಿಗೆ ಹೇಳಿದೆ. ಹೇಳಬಾರದಿತ್ತು. ಆ ಕ್ಷಣವೇ ನನ್ನ ಮುಂದೆ ಒಂದು ರಾಶಿ ಹುರುಳಿಕಾಯಿ, ಒಂದು ಚಾಕು ಬಂದು ಕೂತವು.

ಆದರೆ ಎಲ್ಲಕ್ಕಿಂತ ನನ್ನ ತಲೆಗೆ ಹೊಕ್ಕದ್ದು ಅವರ ಅತಿಥಿಧರ್ಮ. ಬಾಗಿಲಿಗೆ ಬಂದವನು ಯಾರೇ ಆಗಲಿ, ಮೊದಲು ಒಳಗೆ ಕರೆಯಬೇಕು, ಕೈಕಾಲಿಗೆ ನೀರು ಕೊಡಬೇಕು, ಹೊಟ್ಟೆ ತುಂಬ ಬಡಿಸಬೇಕು. ಹೆಸರು, ಊರು, ತಂದೆ ಯಾರು ಎಂದು ಕೇಳುವುದು ಊಟವಾದ ಮೇಲೆಯೇ. ಹೊರಡುವಾಗ ಉಡುಗೊರೆ ಕೊಟ್ಟು ಕಳಿಸಬೇಕು. ಯಾಕೆ ಹೀಗೆ ಎಂದು ಬಹಳ ಯೋಚಿಸಿದೆ. ಮೊದಲೇ ಹೆಸರು ಕೇಳಿಬಿಟ್ಟರೆ ಕೆಲವರಿಗೆ ಅನ್ನ ಹಾಕಲು ಮನಸ್ಸೇ ಬಾರದು, ಅದಕ್ಕೇ ಇರಬೇಕು. ನನ್ನ ಮಗಳು ಹೇಳಿದ್ದೂ ಅದೇ ತಾನೇ: ಏನೂ ಕೇಳಬೇಡ. ಅನಘಾ ಅರಿಯದೆಯೇ ವೀರಯುಗದ ಮಾತಾಡಿದ್ದಳು!

ಭಾನುವಾರ ಬಂತು. ಬಿಸಿಬೇಳೆಭಾತ್, ಕೋಸಂಬರಿ, ಆಂಬೊಡೆ, ಶ್ಯಾವಿಗೆ ಪಾಯಸ. ಬೀಗಿತ್ತಿಯಾಗುವವಳಿಗೆಂದು ಸುಮ ಹೋದ ಸಲ ಮೈಸೂರಿನಿಂದ ತಂದಿದ್ದ ರೇಷ್ಮೆ ಸೀರೆಯನ್ನು ತಟ್ಟೆಯಲ್ಲಿಟ್ಟಳು. ಅನಘಾ, ನಿಕೋ ಇಬ್ಬರೂ ರೈಲಿನಲ್ಲಿ ಬರುವವರು. ಹಿರಿಯರು ಕ್ವೀನ್ಸ್‌ನಿಂದ ಕಾರಿನಲ್ಲಿ ಬರುವವರು. ಮಕ್ಕಳನ್ನು ಕರೆತರಲು ಸುಮ ಸ್ಟೇಷನ್‌ಗೆ ಹೊರಟಳು.

"ಅವರೇನಾದ್ರೂ ಮುಂಚೆ ಬಂದ್ರೆ ಕೂರಿಸಿ ನೀರು ಕೊಡಿ. ಅಷ್ಟೇ. ಬೇರೇನೂ ಮಾಡಬೇಡಿ" ಎಂದು ಹೇಳಿಯೇ ಹೋದಳು.

ಅವಳ ಕಾರು ತಿರುವು ದಾಟಿರಬೇಕು, ಬೆಲ್ ಆಯಿತು. ಬಿಳಿ ಕೂದಲಿನ ಗಂಡ ಹೆಂಡತಿ. ಅನಘಾ ಕಳಿಸಿದ್ದ ಫೋಟೋದಲ್ಲಿ ನಿಕೋನ ಅಪ್ಪನಿಗೆ ಬಿಳಿ ಕೂದಲಿತ್ತು, ಕನ್ನಡಕವಿತ್ತು. ಇವರಿಗೂ ಬಿಳಿ ಕೂದಲಿತ್ತು, ಕನ್ನಡಕವಿತ್ತು. ಆಫೀಸಿನಲ್ಲಿ ಇಷ್ಟು ವರ್ಷವಾದರೂ ನನ್ನನ್ನು ಪಕ್ಕದ ಸೀಟಿನ ರೆಡ್ಡಿ ಎಂದೇ ಕರೆಯುವವರ ಮೇಲೆ ನನಗೆ ಭಯಂಕರ ಕೋಪವಿದೆ. ಆ ಕೋಪ ಆ ಹೊತ್ತಿಗೆ ನೆನಪಾಗಲಿಲ್ಲ.

"ಮನೆ ನೋಡೋಕೆ ಬಂದಿದ್ದೀವಿ" ಎಂದರು ಆತ ಇಂಗ್ಲಿಷಿನಲ್ಲಿ.

ನನಗೆ ಬಹಳ ಸಂತೋಷವಾಯಿತು. ನಮ್ಮ ಕಡೆಯೂ ಮೊದಲು ಮನೆ ನೋಡುವುದೇ ಶಾಸ್ತ್ರ. "ನೋಡೋಣ, ನೋಡೋಣ. ಮೊದಲು ಊಟ" ಎಂದೆ.

ಅವರು ಮುಖ ಮುಖ ನೋಡಿಕೊಂಡರು. ನಾನು ತಟ್ಟೆ ಹಾಕಿಯೇಬಿಟ್ಟೆ. ಆಕೆ ಒಂದು ಆಂಬೊಡೆ ಕಚ್ಚಿ, "ಬೇರೆ ಮನೆಗಳಲ್ಲಿ ಬರೀ ಕುಕೀಸ್ ಇಟ್ಟಿರ್ತಾರೆ" ಎಂದರು.

ನನ್ನ ಎದೆ ಧಸಕ್ಕೆಂದಿತು. "ಬೇರೆ ಮನೆಗಳೂ ನೋಡ್ತಿದ್ದೀರಾ?"

"ಇವತ್ತೇ ಇನ್ನೂ ಎರಡು ನೋಡೋದಿದೆ" ಎಂದರು ಆತ, ಭಾತ್ ಕಲಸುತ್ತಾ. ಅಂದರೆ ನಿಕೋನಿಗೆ ಇನ್ನೂ ಎರಡು ಕಡೆ ಹೆಣ್ಣು ನೋಡುತ್ತಿದ್ದಾರೆ! ಮೈ ಉರಿದುಹೋಯಿತು. ನನ್ನ ಮಗಳಿಗೆ ಏನು ಕಡಿಮೆಯಾಗಿದೆ ಎಂದು ಕೇಳಬೇಕೆನ್ನಿಸಿತು. ಆದರೆ ಊಟ ಮುಗಿಯುವ ಮುಂಚೆ ವೀರನಾದವನು ಪ್ರಶ್ನೆ ಕೇಳುವಂತಿಲ್ಲ. ಕೋಪ ನುಂಗಿಕೊಂಡು ತುಪ್ಪ ಬಡಿಸಿದೆ.

ಅಷ್ಟರಲ್ಲಿ ಮತ್ತೆ ಬೆಲ್. ಎರಡು ಮಕ್ಕಳೊಂದಿಗೆ ಒಂದು ಜೋಡಿ. ಹಿಂದೆಯೇ ಇನ್ನೊಂದು ಜೋಡಿ. ಎಲ್ಲರದೂ ಒಂದೇ ಮಾತು, ಮನೆ ನೋಡಬೇಕು. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮಲ್ಲೂ ಹೆಣ್ಣು ನೋಡಲು ಇಬ್ಬರು ಬರುತ್ತೇವೆ ಎಂದರೆ ವ್ಯಾನ್ ತುಂಬ ಇಳಿಯುತ್ತಾರಲ್ಲವೇ? ಕೊನೆಗೆ ಬಂದವನೊಬ್ಬ ಗುಜರಾತಿ. ಓಹೋ, ಈ ಮನೆತನಕ್ಕೆ ಈಗಾಗಲೇ ನಮ್ಮ ಕಡೆಯ ಅಳಿಯನೊಬ್ಬ ಸೇರಿದ್ದಾನೆ ಎಂದು ನೆಮ್ಮದಿಯಾಯಿತು. ಅವನು ಉಪ್ಪಿನಕಾಯಿ ಕೇಳಿದ. ಸಂಬಂಧ ಗಟ್ಟಿ ಎಂದುಕೊಂಡೆ.

ಅವರು ಮನೆಯನ್ನು ನೋಡಿದ ಪರಿ ಮಾತ್ರ ಎಂಥ ಬೀಗರಿಗೂ ಬರುವುದಿಲ್ಲ. ಕ್ಲಾಸೆಟ್ ತೆಗೆದರು. ಗೋಡೆ ತಟ್ಟಿದರು. ಸೂರು ಎಷ್ಟು ಹಳೆಯದು, ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆಯೇ ಎಂದು ಕೇಳಿದರು. ಒಬ್ಬಾಕೆ ದೇವರಮನೆಯಲ್ಲಿ ಟೇಪ್ ಹಿಡಿದು, ಇಲ್ಲಿ ವಾಷರ್ ಡ್ರೈಯರ್ ಕೂರುತ್ತೆ ಎಂದಳು. ಮದುವೆಯಾದ ಮೇಲೆ ಇವರೆಲ್ಲ ಇಲ್ಲಿಗೇ ಬಂದುಬಿಡುತ್ತಾರೋ ಏನೋ ಎಂದು ಒಂದು ಗಳಿಗೆ ಭಯವಾಯಿತು. ಮಗಳ ದನಿ ನೆನೆದು ಅದನ್ನೂ ಸಹಿಸಿಕೊಂಡೆ.

ಆ ಉಳಿದ ಎರಡು ಮನೆಗಳನ್ನು ಇವರು ಮರೆಯುವಂತೆ ಮಾಡಬೇಕಿತ್ತು. ಬೇಡ ಬೇಡ ಎಂದವರ ತಟ್ಟೆಗೂ ಎರಡೆರಡು ಸಲ ಬಡಿಸಿದೆ. ಪಾಯಸದ ಪಾತ್ರೆ ತಳ ಕಂಡಿತು. ಬಡಿಸುತ್ತಲೇ ಕಂಚಿನ ಕಾಲ, ಗಾಯಕರ ನೆನಪಿನ ಶಕ್ತಿ, ವೀರರ ವಿಶೇಷಣಗಳು, ಎಲ್ಲದರ ಮೇಲೆ ಸಣ್ಣ ಭಾಷಣವನ್ನೂ ಮಾಡಿದೆ. ತಮ್ಮ ಪೂರ್ವಜರ ಕಥೆ ಕೇಳುತ್ತಿದ್ದರೂ ಒಬ್ಬರ ಮುಖದಲ್ಲೂ ಗುರುತು ಹತ್ತಿದ ಲಕ್ಷಣವಿಲ್ಲ. ಈ ದೇಶಕ್ಕೆ ಬಂದ ಮೇಲೆ ಎಲ್ಲರೂ ಬೇರು ಮರೆಯುತ್ತಾರಪ್ಪ ಎಂದು ಮರುಕಪಟ್ಟೆ. ಕೊನೆಗೆ ತಟ್ಟೆಯಲ್ಲಿದ್ದ ಸೀರೆ ಎತ್ತಿ, ಮೊದಲು ಬಂದ ಹಿರಿಯಾಕೆಯ ಕೈಗಿಟ್ಟೆ. ಆಕೆಯ ಕಣ್ಣು ಅರಳಿತು.

"ನನಗೆ ಮನೆ ತುಂಬಾ ಇಷ್ಟವಾಯ್ತು" ಎಂದರು.

ಗೆದ್ದೆ ಎಂದುಕೊಂಡೆ. ಆಗ ಬಾಗಿಲು ತೆರೆಯಿತು. ಸುಮ, ಹಿಂದೆ ಅನಘಾ, ನಿಕೋ, ಅವರ ಹಿಂದೆ ದೊಡ್ಡ ಫಾಯಿಲ್ ಟ್ರೇ ಹಿಡಿದ ಬಿಳಿ ಕೂದಲಿನ, ಕನ್ನಡಕದ ಇನ್ನೊಬ್ಬ ಗಂಡಸು, ಅವರ ಹೆಂಡತಿ. ಮನೆ ತುಂಬ ಜನ ಉಣ್ಣುತ್ತಿದ್ದಾರೆ.

"ಅಪ್ಪ," ಎಂದಳು ಅನಘಾ ಮೆಲ್ಲಗೆ, "ಹೂ ಆರ್ ದೀಸ್ ಪೀಪಲ್?"

"ನಾನಿನ್ನೂ ಕೇಳಿಲ್ಲಮ್ಮ" ಎಂದೆ.

ನಿಜ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಕ್ಕದ ಮನೆ ಮಾರಾಟಕ್ಕಿತ್ತು. ಅವತ್ತು ಅಲ್ಲಿ ಓಪನ್ ಹೌಸ್, ಅಂದರೆ ಕೊಳ್ಳುವವರು ಯಾರು ಬೇಕಾದರೂ ಬಂದು ಮನೆ ನೋಡಿಹೋಗುವ ದಿನ. ದಾರಿ ತೋರಿಸುವ ಬೋರ್ಡು ಗಾಳಿಗೆ ಹಾರಿ ನಮ್ಮ ಹುಲ್ಲಿನ ಮೇಲೆ ಬಂದು ನಿಂತಿತ್ತು. ಅಲ್ಲಿಯ ಏಜೆಂಟ್ ಹುಡುಗಿ ಕುಕೀಸ್ ತಟ್ಟೆ ಇಟ್ಟುಕೊಂಡು ಒಬ್ಬಳೇ ಕೂತು ಬೇಸತ್ತು, ಕೊನೆಗೆ ನಮ್ಮ ಮನೆಗೆ ಬಂದು ತನ್ನ ಗಿರಾಕಿಗಳನ್ನೆಲ್ಲ ಕರೆದುಕೊಂಡು ಹೋದಳು. ಪಾರ್ಸಿಪನಿಯಿಂದ ಬಂದಿದ್ದ ಆ ಹಿರಿಯಾಕೆ ಸೀರೆಯನ್ನು ಎದೆಗವಚಿಕೊಂಡು ಥ್ಯಾಂಕ್ಸ್ ಹೇಳಿ ಹೊರಟರು.

"ಉಂಡೂ ಹೋದ, ಕೊಂಡೂ ಹೋದ ಅಂತ ಗಾದೆ ಕೇಳಿದ್ದೆ. ಕರೆದು ಕೊಟ್ಟು ಕಳಿಸಿದವರನ್ನ ಇವತ್ತೇ ನೋಡಿದ್ದು" ಎಂದಳು ಸುಮ, ನಗುಮುಖದಲ್ಲೇ, ಕನ್ನಡದಲ್ಲೇ. ಆ ನಗುಮುಖದ ಅರ್ಥ ನನಗೊಬ್ಬನಿಗೇ ಗೊತ್ತು.

ಅನಘಾ ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಗಳನ್ನು ನೋಡಿ ಕಣ್ಣು ಒರೆಸಿಕೊಂಡಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಗಳ ಒಂದು ಆಸೆಯನ್ನು ಒಂಬತ್ತು ತಟ್ಟೆಗಳಿಗೆ ಹಂಚಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಇದ್ದದ್ದು ಮೊಸರನ್ನ, ಮತ್ತೆ ಬೀಗರು ತಂದ ಟ್ರೇ. ನಿಕೋನ ಅಮ್ಮ ಸೋಫಿಯಾ ಪಾಲಕ್, ಚೀಸ್ ತುಂಬಿದ ಪೈ ಕತ್ತರಿಸಿ ನಮ್ಮ ಮನೆಯಲ್ಲಿ ನಮಗೇ ಬಡಿಸಿದರು. ನಿಕೋನ ಅಪ್ಪ ಯಾನಿಸ್ ನನ್ನ ಪಕ್ಕ ಕೂತರು. ಮನೆ ಸ್ವಂತದ್ದೋ ಬಾಡಿಗೆಯೋ, ನನಗೆ ಸಂಬಳವೆಷ್ಟು, ಮಾರ್ಟ್‌ಗೇಜ್ ಎಷ್ಟು ಉಳಿದಿದೆ, ಮಗಳು ಒಬ್ಬಳೇ ಯಾಕೆ, ಒಂದೊಂದಾಗಿ ಎಲ್ಲವನ್ನೂ ಕೇಳಿದರು. ಈ ಸಲ ನಿಕೋ ತಲೆ ಹಿಡಿದುಕೊಂಡು ಕೂತ. ನಾನು ಶಿಸ್ತಾಗಿ ಉತ್ತರ ಕೊಟ್ಟೆ. ತಡೆಯಲಾರದೆ ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದೆ: ಪ್ರಾಚೀನ ವೀರರು ಊಟಕ್ಕೆ ಮುಂಚೆ ಅತಿಥಿಯ ಹೆಸರು ಕೇಳುತ್ತಿರಲಿಲ್ಲವಲ್ಲ, ಅದರ ಬಗ್ಗೆ ನಿಮ್ಮ ಅಭಿಪ್ರಾಯವೇನು?

"ಅದೆಲ್ಲ ನನಗೆ ಗೊತ್ತಿಲ್ಲ. ಶಾಲೇಲಿ ಆ ಪರೀಕ್ಷೆಗೆ ಪಕ್ಕದವನನ್ನ ನೋಡಿ ಬರೆದೆ" ಎಂದರು ಯಾನಿಸ್.

ಅವರು ಹೊರಟಾಗ ಸುಮ ತನ್ನದೇ ಇನ್ನೊಂದು ಹೊಸ ಸೀರೆ ತೆಗೆದು ಸೋಫಿಯಾಗೆ ಕೊಟ್ಟಳು. ಡ್ರೈವ್‌ವೇಯಲ್ಲಿ ಸೋಫಿಯಾ ಅನಘಾಳ ಎರಡೂ ಕೈ ಹಿಡಿದು ಏನೋ ಹೇಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಏನೂ ಕೇಳಿಸಲಿಲ್ಲ. ಕಾರು ಹೋಯಿತು. ಅನಘಾ ಒಳಗೆ ಬಂದಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

"ಏನಂದ್ರಮ್ಮ?"

"ಗುರುತಿಲ್ಲದವರಿಗೆ ಪಾತ್ರೆ ಖಾಲಿ ಆಗೋ ತನಕ ಬಡಿಸೋ ಮನೆ ಇದು, ಇಲ್ಲಿಗೆ ನನ್ನ ಮಗನ್ನ ಕಳಿಸೋಕೆ ನನಗೆ ಯಾವ ಭಯಾನೂ ಇಲ್ಲ ಅಂದ್ರು. ಶೀ ಸೆಡ್ ಯೆಸ್, ಅಪ್ಪ."

ನನ್ನ ಎದೆ ಉಬ್ಬಿತು. ನೋಡಿದೆಯಾ, ವೀರಯುಗ ಕೈಬಿಡಲಿಲ್ಲ ಎಂದು ಸುಮಳ ಕಡೆ ತಿರುಗಿದೆ.

"ಇನ್ನೂ ಒಂದು ಹೇಳಿದ್ರು," ಎಂದಳು ಅನಘಾ. "ಮದುವೆ ದಿನ ಬಾಗಿಲಲ್ಲಿ ಮಾತ್ರ ನಿಮ್ಮಪ್ಪನ್ನ ನಿಲ್ಲಿಸಬೇಡಿ ಅಂತ."

ಹಾಗಾಗಿ ಮದುವೆಯಲ್ಲಿ ನನಗೆ ಪಾರ್ಕಿಂಗ್ ಲಾಟ್ ವಹಿಸಿದ್ದಾರೆ. ಒಳಗೆ ಬಿಡುವ ಮುಂಚೆ ಪ್ರತಿಯೊಂದು ಕಾರಿನವರ ಹೆಸರನ್ನೂ ಕಡ್ಡಾಯವಾಗಿ ಕೇಳಬೇಕಂತೆ.