ಬಾಯ್ಲರ್ ಕೈಪಿಡಿಯೊಳಗೆ ಅತ್ತೆ

ಪಾಂಚೆವೊ ಊರಿನ ಆ ವಠಾರಕ್ಕೆ ಬಂದ ಹೊಸತರಲ್ಲಿ, ಕೆಳಮನೆಯ ಮಿಲುಟಿನ್ ಹೆಂಡತಿಯನ್ನು ಗೋಳು ಹೊಯ್ದುಕೊಳ್ಳುವ ರಾಕ್ಷಸನೆಂದೇ ನಾನು ನಂಬಿದ್ದೆ. “ಇಟ್ಟದ್ದನ್ನು ಇಟ್ಟಲ್ಲಿ ಬಿಡೋಕೆ ನಿನಗೇನು ರೋಗ? ನಿನ್ನನ್ನ ಮನೆಗೆ ತಂದದ್ದೇ ತಪ್ಪು!” ಎಂಬ ಗರ್ಜನೆ ನಮ್ಮ ನೆಲವನ್ನು ತೂರಿಕೊಂಡು ಬರುತ್ತಿತ್ತು. ಒಂದು ದಿನ ತಡೆಯಲಾರದೆ, ಸಕ್ಕರೆ ಕೇಳುವ ನೆಪದಲ್ಲಿ ಅಬಲೆಯ ರಕ್ಷಣೆಗೆ ಇಳಿದೆ. ಅಬಲೆ ನೆವೆಂಕಾ ಹಾಯಾಗಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು.

“ಅದು ಕಂಪ್ಯೂಟರಿಗೆ,” ಎಂದಳು. “ನನ್ನನ್ನ ಬಯ್ಯೋಷ್ಟು ಧೈರ್ಯ ಅವನಿಗೆಲ್ಲಿದೆ?”

ಮಿಲುಟಿನ್ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಕೈಪಿಡಿಗಳನ್ನು ಬರೆದು, ಪುಟ ಕಟ್ಟಿಕೊಡುವವನು. ಇಪ್ಪತ್ತು ವರ್ಷದಿಂದ ಒಂದೇ ತಂತ್ರಾಂಶದಲ್ಲಿ ಸುಖವಾಗಿದ್ದ. ಕಾರ್ಖಾನೆಯವರು ಹೊಸದೊಂದನ್ನು ಕೊಂಡು, ಹಳೆಯ ಕೈಪಿಡಿಗಳನ್ನೆಲ್ಲ ಅದಕ್ಕೆ ಸಾಗಿಸು ಎಂದರು. ಹಳೆಯದೂ ಹೊಸದೂ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದ ದಾಯಾದಿಗಳು. ಅಲ್ಲಿ ನೆಟ್ಟಗೆ ನಿಂತಿದ್ದ ಕೋಷ್ಟಕ ಇಲ್ಲಿ ಮಗುಚಿ ಬೀಳುತ್ತಿತ್ತು. “ಅಪಾಯ” ಎಂಬ ಎಚ್ಚರಿಕೆ ಗ್ಯಾರಂಟಿ ಪುಟಕ್ಕೆ ಹೋಗಿ ಕೂರುತ್ತಿತ್ತು. ಡಿಸೆಂಬರಿನ ಸಂತ ನಿಕೋಲನ ಹಬ್ಬದೊಳಗೆ ಕೊಡದಿದ್ದರೆ ಕೆಲಸ ನೋವಿ ಸಾದ್ ನಗರದ ಏಜೆನ್ಸಿಗೆ ಹೋಗುತ್ತದೆಂದು ವ್ಯವಸ್ಥಾಪಕ ರಾತೊಮಿರ್ ಬೇರೆ ಹೇಳಿಬಿಟ್ಟಿದ್ದ. ಮಿಲುಟಿನ್‌ಗೆ ಇದ್ದದ್ದು ಅದೊಂದೇ ಕೆಲಸ. ಅವನ ಸಿಟ್ಟು ಎಷ್ಟಿತ್ತೆಂದರೆ, ಆ ಚಳಿಗಾಲ ನಮ್ಮ ಮನೆಯ ನೆಲ ಬೆಚ್ಚಗಿತ್ತು.

ಎಲ್ಲಕ್ಕಿಂತ ದೊಡ್ಡ ತಲೆನೋವು ಚಿತ್ರಗಳದ್ದು. ಹಳೆಯ ತಂತ್ರಾಂಶ ಪುಟದಲ್ಲಿ ಚಿತ್ರವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ, ಅದರ ವಿಳಾಸವನ್ನಷ್ಟೇ ಬರೆದುಕೊಂಡಿರುತ್ತಿತ್ತು. ಹೊಸದಕ್ಕೆ ಆ ವಿಳಾಸಗಳು ಅರ್ಥವಾಗದೆ, ಒಂದೊಂದು ಚಿತ್ರಕ್ಕೂ “ಇದು ಎಲ್ಲಿದೆ?” ಎಂದು ಕೇಳತೊಡಗಿತು. ಮಿಲುಟಿನ್ ಸ್ವಲ್ಪ ಹೊತ್ತು ಹಲ್ಲು ಕಚ್ಚಿಕೊಂಡು ತೋರಿಸಿದ. ಆಮೇಲೆ ಅವನ ಪಿತ್ತ ನೆತ್ತಿಗೇರಿತು. ಕೆಳಗೆ ಇನ್ನೊಂದು ಗುಂಡಿಯಿತ್ತು: ಕಂಪ್ಯೂಟರನ್ನೆಲ್ಲ ಜಾಲಾಡಿ, ಹೆಸರು ಹೊಂದಿದ ಚಿತ್ರವನ್ನು ಹಾಕಲೆ? ಮತ್ತೆ ಕೇಳುವುದಿಲ್ಲ. ಮೇಜು ಅದುರುವಂತೆ ಒತ್ತಿದ. ಯಂತ್ರ ಬಾಯಿ ಮುಚ್ಚಿತು. ಅದನ್ನು ಶರಣಾಗತಿಯೆಂದು ಬಗೆದ ವಿಜಯಶಾಲಿ, ತೆರೆದೂ ನೋಡದೆ ಕೈಪಿಡಿಯನ್ನು ಕಾರ್ಖಾನೆಗೆ ಕಳಿಸಿಬಿಟ್ಟ.

(ಹಿಂದಿನ ವರ್ಷದ ಹಬ್ಬದ ಫೋಟೋಗಳನ್ನು ನೆವೆಂಕಾ ಅದೇ ಕಂಪ್ಯೂಟರಿಗೆ ತುಂಬಿದ್ದಳು. ಸಭ್ಯರು ತನ್ನ ಕೈಪಿಡಿಗಳಲ್ಲಿರುವಂತೆ ‘ಚಿತ್ರ ೧’, ‘ಚಿತ್ರ ೨’ ಎಂದು ಕ್ರಮವಾಗಿ ಹೆಸರಿಡುತ್ತಾರೆಂದು ಆಗ ಉಪನ್ಯಾಸ ಕೊಟ್ಟವನು ಮಿಲುಟಿನ್ನೇ. ದಾಂಪತ್ಯದುದ್ದಕ್ಕೂ ಅವನ ಮಾತುಗಳಲ್ಲಿ ಅವಳು ಪಾಲಿಸಿದ್ದು ಇದೊಂದನ್ನೇ.)

ಅಲ್ಲಿ ಮನೆತನಕ್ಕೊಬ್ಬ ಸಂತ; ಮಿಲುಟಿನ್ ಮನೆಗೆ ನಿಕೋಲ. ಮನೆಯ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬರುವವರು ಬಂದೇ ಬರುತ್ತಾರೆ. ನಿಕೋಲನ ದಿನ ನಾನೂ ಮೀನಿನ ತಟ್ಟೆಯ ಮುಂದಿದ್ದೆ. ಎದುರಿಗೆ ಮಿಲುಟಿನ್‌ನ ಅತ್ತೆ, ಅಂದರೆ ನೆವೆಂಕಾಳ ತಾಯಿ, ಕೊಸಾರಾ. ಆಗ ಬಂದ ರಾತೊಮಿರ್ ಒಂದು ಕೈಯಲ್ಲಿ ವೈನ್ ಬಾಟಲಿ, ಇನ್ನೊಂದರಲ್ಲಿ ಕೈಪಿಡಿಯ ಹಾಳೆಗಳನ್ನು ಹಿಡಿದಿದ್ದ. ಬಾಟಲಿಯನ್ನು ನೆವೆಂಕಾಗೆ ಕೊಟ್ಟ. ಹಾಳೆಗಳನ್ನು ಮೇಜಿನ ಮೇಲೆ ಹರಡಿದ.

ಚಿತ್ರ ೪ರಲ್ಲಿ ಕೊಸಾರಾ ಬಾಯ್ದೆರೆದು ಹಾಡುತ್ತಿದ್ದರು. ಕೆಳಗೆ: “ಹೆಚ್ಚಾದ ಒತ್ತಡ ಇಲ್ಲಿಂದ ಸದ್ದಿನೊಂದಿಗೆ ಹೊರಬೀಳುತ್ತದೆ.” ಚಿತ್ರ ೭ರಲ್ಲಿ ಅವರೇ ಸೋಫಾದ ಮೇಲೆ: “ಹಳೆಯ ಘಟಕ. ಕದಲಿಸಲು ಕನಿಷ್ಠ ಇಬ್ಬರು ಬೇಕು.” ಚಿತ್ರ ೯ರಲ್ಲಿ ಊಟದ ನಂತರ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ ಮಿಲುಟಿನ್: “ದೋಷಪೂರಿತ ಭಾಗ. ದುರಸ್ತಿ ಸಾಧ್ಯವಿಲ್ಲ, ಬದಲಾಯಿಸಿ.”

ಹಾಳೆಗಳು ಮೇಜನ್ನು ಸುತ್ತಿದವು. ನೆಂಟರು ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಮಿಲುಟಿನ್ ಎದ್ದು ನಿಂತು ಯಂತ್ರವನ್ನೂ, ಅದನ್ನು ಮಾಡಿದವರನ್ನೂ, ಮಾರಿದವರನ್ನೂ, ಕೊಂಡವರನ್ನೂ ವಾಚಾಮಗೋಚರವಾಗಿ ಬಯ್ದ. ಕೊಂಡವನು ಎದುರಿಗೇ ಕೂತಿದ್ದ.

ರಾತೊಮಿರ್ ಬಯ್ಗುಳವನ್ನೆಲ್ಲ ಕೇಳಿಸಿಕೊಂಡು, ಅವನ ಕಡೆ ತಿರುಗಿಯೂ ನೋಡದೆ ಹೇಳಿದ: “ನೆವೆಂಕಾ, ಆ ಯಂತ್ರ ಕೇಳೋ ಪ್ರಶ್ನೆಗೆಲ್ಲ ನೀನು ಕೂತು ಉತ್ತರ ಕೊಡ್ತೀಯಾ? ಕೊಟ್ರೆ ಕೆಲಸ ಈ ಮನೇಲೇ ಇರುತ್ತೆ. ಇವನು ಕೈ ಹಚ್ಚೋ ಹಾಗಿಲ್ಲ, ಅಷ್ಟೆ.”

“ಇವನ ಪ್ರಶ್ನೆಗೇ ಇಷ್ಟು ವರ್ಷ ಉತ್ತರ ಕೊಟ್ಟಿದ್ದೀನಿ. ಅದೇನು ಮಹಾ,” ಎಂದು ನೆವೆಂಕಾ ಇನ್ನೊಂದು ಮೀನು ಬಡಿಸಿದಳು.

ಕುರ್ಚಿ ಹೋದ ಮಂತ್ರಿಯಂತೆ ಮಿಲುಟಿನ್ ಸುತ್ತ ನೋಡಿದ. ಕೊಸಾರಾ ಒಬ್ಬರೇ ನಕ್ಕಿರಲಿಲ್ಲ. ಕನ್ನಡಕ ಹಾಕಿಕೊಂಡು ಪುಟ ಪುಟವನ್ನೂ ಓದುತ್ತಿದ್ದರು. ಅನ್ಯಾಯಕ್ಕೊಳಗಾದವರು ಇಬ್ಬರಾದರಲ್ಲ ಎಂದು ಅವನಿಗೆ ಕೊಂಚ ಧೈರ್ಯ ಬಂತು.

“ನೀವೇ ಹೇಳಿ ಅತ್ತೆ, ಆ ದರಿದ್ರ ಯಂತ್ರ ಒಂದಾದ್ರೂ ಚಿತ್ರ ಸರಿಯಾಗಿ ಹಾಕಿದೆಯಾ?”

ಕೊಸಾರಾ ಕನ್ನಡಕ ತೆಗೆದರು.

“ಒಂಬತ್ತನೇದು.”