ಸೇಸಪ್ಪನ ಹಗುರ ಕುದುರೆ

ಸೇಸಪ್ಪ ಅಡುಗೆಮನೆಯ ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು ಬಂಗುಡೆ ಮೀನು ಸರಿಮಾಡುತ್ತ ಕೂತಿದ್ದ. ಮೂರನೆಯ ಮೀನಿನ ಹೊಟ್ಟೆ ಸೀಳಿದ್ದಷ್ಟೇ, ಫೋನು ಬಡಿದುಕೊಂಡಿತು. ಕೈತುಂಬ ಕರುಳು.

"ಸ್ಪೀಕರ್ ಒತ್ತು ಮಾರಾಯ್ತಿ, ನನ್ನ ಕೈ ಗಲೀಜುಂಟು," ಎಂದು ಹೆಂಡತಿ ಆಶಾಲತಾಳಿಗೆ ಕೂಗಿದ.

ಆ ಗುಂಡಿ ಒತ್ತಿದ್ದೇ ತಪ್ಪಾಯಿತು ನೋಡಿ. ಕುವೈತಿನ ಫರ್ವಾನಿಯಾದ ಆ ಎರಡು ಕೋಣೆಯ ಫ್ಲಾಟಿನಲ್ಲಿ ಫೋನಿನ ದನಿ ಬಸ್‌ಸ್ಟ್ಯಾಂಡಿನ ಮೈಕಿನ ಹಾಗೆ ಮೊಳಗಿತು. ಕುದುರೆ ಊಹೆ ಸ್ಪರ್ಧೆಯವರು. ಹವ್ಯಾಸಿಗಳ ಪೈಕಿ ಸೇಸಪ್ಪನೂ ಫಿಂಟಾಸ್‌ನ ಒಬ್ಬ ಹಲ್ಲಿನ ಡಾಕ್ಟರೂ ಸಮಸಮ ಬಂದಿದ್ದಾರಂತೆ. ಇವತ್ತು ಸಂಜೆಯ ಕೊನೆಯ ಓಟದಲ್ಲಿ ಯಾರ ಕುದುರೆ ಗೆಲ್ಲುತ್ತದೋ ಅವರು ಫೈನಲ್‌ಗೆ. ಫೈನಲ್ ಬೊಂಬಾಯಿಯಲ್ಲಿ, ಹೋಗಿಬರುವ ವಿಮಾನದ ಟಿಕೆಟ್ ಕಂಪೆನಿಯದೇ.

"ದೇವಾ! ಊರಿಗೆ ಹೋಗ್ತೀರಾ ಸೇಸಪ್ಪಣ್ಣ?"

ಬಾಗಿಲಲ್ಲಿ ಎದುರು ಫ್ಲಾಟಿನ ನರ್ಸ್ ಲೂರ್ಡ್ಸ್ ಬಾಯಿ ಕರಿಬೇವು ಕೇಳಲು ಬಂದು ನಿಂತಿದ್ದಳು.

"ಊರಿಗಲ್ಲ ಬಾಯಿ, ಬೊಂಬಾಯಿಗೆ. ಅದೂ ಗೆದ್ದರೆ."

"ಬೊಂಬಾಯಿ ಅಂದ್ರೆ ಊರೇ ಅಲ್ವಾ! ಅಲ್ಲಿಂದ ಒಂದು ಬಸ್ಸು," ಎಂದವಳು ಕರಿಬೇವು ಮರೆತು ಮೆಟ್ಟಿಲಿಳಿದು ಓಡಿದಳು.

ಸೇಸಪ್ಪ ಮೀನಿನ ಜೊತೆಗೆ ತಾನೂ ಬಾಯಿ ತೆರೆದು ಕೂತ.

ಕುವೈತಿನಿಂದ ಊರಿಗೆ ಹೊರಟವನ ಕೈಯಲ್ಲಿ ಸಾಮಾನು ಕಳಿಸುವುದು ಅಲ್ಲಿನ ನಮ್ಮವರ ರೂಢಿ. ಬೇಡವೆಂದರೆ ಸೊಕ್ಕು ಎನ್ನುತ್ತಾರೆ. ಹಿಂದಿನ ರಜೆಯಲ್ಲಿ ಸೇಸಪ್ಪ ಹಾಲಿನ ಪುಡಿ, ಬಾಮು, ಕಂಬಳಿಗಳನ್ನು ಹೊತ್ತು ಕಾಸರಗೋಡಿನಿಂದ ಗದಗಿನವರೆಗೆ ಬಸ್ಸು ಹತ್ತಿಳಿದು, ಹೆತ್ತ ತಾಯಿಯ ಎದುರು ಕೂತದ್ದು ಎರಡೇ ಎರಡು ಊಟಕ್ಕೆ. "ನಿನ್ನ ಮುಖ ಸರಿ ನೋಡ್ಲಿಕ್ಕೂ ಆಗ್ಲಿಲ್ಲ ಮಗಾ," ಎಂದು ಅಮ್ಮ ಹೊರಡುವಾಗ ಕಣ್ಣೊರಸಿಕೊಂಡಿದ್ದರು. ಅಂದಿನಿಂದ ಅವನಿಗೆ ಒಂದೇ ಆಸೆ. ಒಂದು ಸಲ ಕೈಬೀಸಿಕೊಂಡು ಹೋಗಿ, ಅಮ್ಮನ ಜಗಲಿಯಲ್ಲಿ ಒಂದು ವಾರ ಸುಮ್ಮನೆ ಕೂತು ಬರಬೇಕು. ರಜೆಯ ಅರ್ಜಿ ಬರೆದು ಮೂರು ವರ್ಷವಾಗಿತ್ತು. ಕೊಟ್ಟರೆ ಶರ್ಕ್‌ನ ತನ್ನ ಶಿಪ್ಪಿಂಗ್ ಆಫೀಸಿಗೆ ತಿಳಿಯುತ್ತದೆ, ಆಫೀಸಿಗೆ ತಿಳಿದದ್ದು ಫರ್ವಾನಿಯಾಕ್ಕೆ ತಿಳಿಯುತ್ತದೆ ಎಂದು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಆಗ ಸಿಕ್ಕಿದ್ದು ಈ ಸ್ಪರ್ಧೆ. ದುಡ್ಡು ಕಟ್ಟುವ ಜೂಜಲ್ಲ, ಅದಕ್ಕೆ ಆ ದೇಶದಲ್ಲಿ ಜಾಗವಿಲ್ಲ. ತಂಪುಪಾನೀಯದ ಕಂಪೆನಿಯೊಂದು ಕೂಪನ್ ಹಂಚುತ್ತಿತ್ತು. ಗೆಲ್ಲುವ ಕುದುರೆಯ ಹೆಸರು ಬರೆದು ಹಾಕಿದರಾಯಿತು. ಕುದುರೆ ನೋಡಲು ಬೊಂಬಾಯಿಗೆ ಹೋಗುವವನ ಕೈಗೆ ಹಾಲಿನ ಪುಡಿ ಯಾರು ಕೊಡುತ್ತಾರೆ? ಆಫೀಸಿನಲ್ಲೂ ರಜೆಯನ್ನು ಕುದುರೆಯ ಹೆಸರಲ್ಲೇ ಕೇಳಬಹುದು. ಸದ್ದಿಲ್ಲದೆ ಫೈನಲ್ ಮುಗಿಸಿ ರಾತ್ರಿ ಬಸ್ಸು ಹಿಡಿದರೆ ಅಮ್ಮನ ಜಗಲಿ!

ಕುದುರೆಯ ಬಾಲ ಯಾವ ಕಡೆ ಎನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಆದರೆ ಪೇಪರಿನಲ್ಲಿ ಒಂದು ಸಂಗತಿ ಓದಿದ್ದ. ಚೆನ್ನಾಗಿ ಓಡುವ ಕುದುರೆಗೆ ಜೀನಿನ ಜೇಬಿನಲ್ಲಿ ಸೀಸದ ತುಂಡಿಟ್ಟು ಹೆಚ್ಚು ಭಾರ ಹೊರಿಸುತ್ತಾರೆ, ಬಡಪಾಯಿ ಕುದುರೆಗೆ ಕಡಿಮೆ. ಸೇಸಪ್ಪನಿಗೆ ಕರುಳು ಚುರ್ ಎಂದಿತು. ಪ್ರತಿ ಓಟದಲ್ಲೂ ಎಲ್ಲಕ್ಕಿಂತ ಹಗುರ ಹೊರೆಯ ಕುದುರೆಯ ಹೆಸರೇ ಬರೆದ. ಅಷ್ಟಕ್ಕೇ ಇಲ್ಲಿಯವರೆಗೆ ಬಂದಿದ್ದ.

ಮೀನು ಬಾಣಲೆಗೆ ಬೀಳುವ ಮೊದಲೇ ಕೆಳಗಿನ ಮನೆಯ ಆಮಿನಮ್ಮ ಕಂಬಳಿಯ ಗಂಟು ಹೊತ್ತು ಏದುಸಿರು ಬಿಡುತ್ತ ಬಂದರು.

"ಸೇಸಪ್ಪ, ನೀನು ನನ್ನ ತಮ್ಮನ ಹಾಗೆ. ಮಗಳದ್ದು ಬಾಣಂತನ. ಕಂಬಳಿ ಅಷ್ಟೇ, ಭಾರ ಇಲ್ಲ."

"ಆಮಿನಮ್ಮ, ನಾನಿನ್ನೂ ಗೆಲ್ಲಲೇ ಇಲ್ಲ."

"ಗೆಲ್ತೀಯ ಬಿಡು. ನಾನು ಮಗಳಿಗೆ ಫೋನ್ ಮಾಡಿ ಆಯ್ತು."

ಗಂಟು ಎತ್ತಿ ನೋಡಿದರೆ ಕಂಬಳಿಯ ಹೊಟ್ಟೆಯೊಳಗೆ ಹಾಲಿನ ಪುಡಿಯ ಡಬ್ಬಿಗಳು ಗಡಗಡ ಎಂದವು. ಹಿಂದೆಯೇ ಲೂರ್ಡ್ಸ್ ಬಾಯಿ "ಚಿಕ್ಕ ಪ್ಯಾಕೆಟ್" ತಂದಳು, ಅದಕ್ಕೆ ಚಕ್ರಗಳಿದ್ದವು. ಆಮೇಲೆ ಬಂದವನು ಮೇಲಿನ ಮಹಡಿಯ ಫಕೀರಪ್ಪ, ಗದಗ ಕಡೆಯ ಟೆಕ್ನೀಶಿಯನ್. ಕಂಕುಳಲ್ಲಿ ಮಗುವಿನ ಹಾಗೆ ಏನನ್ನೋ ಎತ್ತಿಕೊಂಡಿದ್ದ.

"ಸೇಸಪ್ಪಣ್ಣಾರ, ನಮ್ಮ ತಮ್ಮನ ಹೊಲಕ್ಕ ಸಣ್ಣದೊಂದು ಮೋಟಾರ ಐತ್ರೀ. ಪಂಪಿಂದು."

"ಮೋಟಾರಾ! ವಿಮಾನದಲ್ಲಾ?"

"ಹಿಡಿಕಿ ಐತಲ್ರೀ, ಹಿಡ್ಕೊಳ್ಳಾಕ! ಮತ್ತ ಕುದರಿ ವಿಚಾರ ನೀವು ಕಾಳಜಿ ಮಾಡಬ್ಯಾಡ್ರೀ. ನಮ್ಮ ಸೋದರಮಾವ ಟಾಂಗಾ ಹೊಡೀತಿದ್ದ. ನಾ ಇದ್ದೀನಿ."

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಶಾಲತಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಮೋಟಾರಿನ ಮೇಲೆ ಕೂತು ಅನ್ನ ಉಣ್ಲಿಕ್ಕೆ ನನ್ನಿಂದ ಆಗುದಿಲ್ಲ. ಎಲ್ಲ ತೆಗೀರಿ ಇಲ್ಲಿಂದ!"

"ತಗೀಯೂದ್ರಾಗೇನೈತಿ ವೈನೀ? ನನ್ನ ಪಿಕಪ್ಪಿನಾಗ ಹಾಕೂಣು. ಹೆಂಗೂ ಎಲ್ಲಾರೂ ಕುದರಿ ನೋಡಾಕ ಹೋಗೂದೈತಿ. ಯಲ್ಲಾ!"

ಹೀಗೆ ಸೇಸಪ್ಪನ ಸವಾರಿ ಹೊರಟಿತು. ಮುಂದೆ ಹೆಂಗಸರು. ಹಿಂದೆ ಗಂಟುಗಳ ಗುಡ್ಡದ ತುದಿಯಲ್ಲಿ, ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು ಸೇಸಪ್ಪ. ಕುದುರೆ ಓಟದ ಕ್ಲಬ್ಬಿನ ಗೇಟಿನಲ್ಲಿ ಕಾವಲುಗಾರ ಆ ಗುಡ್ಡವನ್ನು ಮೇಲಿಂದ ಕೆಳಗೆ ನೋಡಿ, ವಿಮಾನ ನಿಲ್ದಾಣ ಆ ಕಡೆ ಎಂದು ಕೈ ತೋರಿಸಿದ.

"ಮತಾರ್ ಅಲ್ಲ ಭಾಯಿ, ಕುದುರೆ," ಎಂದ ಸೇಸಪ್ಪ, ಅಳುವ ದನಿಯಲ್ಲಿ.

ಕಾವಲುಗಾರ ಪಿಕಪ್ಪಿನೊಳಗೆ ಕುದುರೆ ಹುಡುಕತೊಡಗಿದ.

ಕೊನೆಯ ಓಟಕ್ಕೆ ಡಾಕ್ಟರು ಬರೆದದ್ದು ಜಬಲ್ ಎಂಬ ಕರಿಯ ಕುದುರೆಯನ್ನು. ಹೆಸರಿಗೆ ತಕ್ಕಂತೆ ಬೆಟ್ಟದ ಹಾಗಿತ್ತು. ಎಲ್ಲಕ್ಕಿಂತ ಹೆಚ್ಚು ಭಾರ ಅದಕ್ಕೇ. ಸೇಸಪ್ಪನ ಕುದುರೆ ನಸೀಮ್, ಒಣಗಲು ಹಾಕಿದ ಬಟ್ಟೆಯ ಹಾಗೆ ಗಾಳಿಗೆ ಅಲುಗುತ್ತಿತ್ತು.

"ಇದಾ?" ಫಕೀರಪ್ಪ ಹಣೆ ಚಚ್ಚಿಕೊಂಡ. "ಟಾಂಗಾಕ್ಕ ಕಟ್ಟಿದ್ರ ಟಾಂಗಾನ ಇದನ್ನ ಎಳೀತೈತ್ರೀ! ಬದಲಿ ಮಾಡ್ರೀ."

"ಆಗ್ಲಿಕ್ಕಿಲ್ಲ. ಹೊರೆ ಇಲ್ಲದವನೇ ಮೊದಲು ಮನೆ ಮುಟ್ಟುದು," ಎಂದ ಸೇಸಪ್ಪ. ಅಷ್ಟು ಗಟ್ಟಿಯಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಗೇಟು ತೆರೆಯಿತು. ಅರ್ಧದವರೆಗೆ ನಸೀಮ್ ಎಲ್ಲರ ಧೂಳು ತಿನ್ನುತ್ತ ಹಿಂದೆಯೇ ಇತ್ತು. ತಿರುವಿನಲ್ಲಿ ಏನಾಯಿತೋ, ಒಮ್ಮೆ ಮೈ ಕೊಡವಿ, ಬೆನ್ನಿಗೆ ಜೇನು ಕಡಿದ ಹಾಗೆ ನುಗ್ಗಿತು. ಆಮಿನಮ್ಮ ಬೆಂಚು ಹತ್ತಿದರು. ಲೂರ್ಡ್ಸ್ ಬಾಯಿ ಪಕ್ಕದ ಅಪರಿಚಿತನ ಕೈ ಹಿಡಿದು ನಾಡಿ ನೋಡತೊಡಗಿದಳು. ನಸೀಮ್ ಜಬಲ್‌ಗಿಂತ ಒಂದು ಮೂಗು ಮುಂದೆ ಗುರಿ ದಾಟಿತು.

"ಗೆದ್ದಾರ! ಸೇಸಪ್ಪಣ್ಣಾರ ಗೆದ್ದಾರ!" ಫಕೀರಪ್ಪ ಅವನನ್ನು ಹೆಗಲ ಮೇಲೆ ಎತ್ತಿ ಕುಣಿದ. ಮೊಬೈಲು ಇದ್ದವರೆಲ್ಲ ಊರಿಗೆ ಫೋನು ಹಚ್ಚಿದರು. ಹೆಗಲ ಮೇಲಿನಿಂದ ಸೇಸಪ್ಪನಿಗೆ ಅಮ್ಮನ ಜಗಲಿಯ ಮೂಲೆಯ ಮಣೆಯೂ ಕಂಡಿತು. ಸಾಮಾನನ್ನು ಅಂಚೆಯಲ್ಲಾದರೂ ಹಾಕಿ ತಾನು ಕೂತೇ ಕೂರುತ್ತೇನೆ ಎಂದುಕೊಂಡ.

ಆಗ ಮೈಕು ಕೆಮ್ಮಿತು. ಓಟ ಮುಗಿದ ಮೇಲೆ ಸವಾರನನ್ನು ಜೀನಿನ ಸಮೇತ ಇನ್ನೊಮ್ಮೆ ತೂಗುವುದು ನಿಯಮ. ನಸೀಮ್‌ನ ಸವಾರನ ತೂಕ ಮೂರು ಕಿಲೋ ಕಡಿಮೆ ಬಂದಿತ್ತು. ತಿರುವಿನಲ್ಲಿ ಮೈ ಕೊಡವಿದಾಗ ಜೀನಿನ ಜೇಬಿನಿಂದ ಸೀಸದ ತುಂಡು ಮರಳಿಗೆ ಬಿದ್ದುಹೋಗಿತ್ತು. ಹೊರಬೇಕಾದ ಭಾರ ಪೂರ್ತಿ ಹೊರದ ಕುದುರೆ ಗೆದ್ದರೂ ಲೆಕ್ಕಕ್ಕಿಲ್ಲ. ಮೊದಲ ಸ್ಥಾನ ಜಬಲ್‌ಗೆ, ಬೊಂಬಾಯಿ ಡಾಕ್ಟರಿಗೆ.

ಫಕೀರಪ್ಪ ಸೇಸಪ್ಪನನ್ನು ಮೆಲ್ಲಗೆ ಕೆಳಗಿಳಿಸಿದ, ಮೋಟಾರು ಇಳಿಸಿದಷ್ಟೇ ಜಾಗ್ರತೆಯಿಂದ.

ಎಲ್ಲರೂ ಸಪ್ಪಗಾದರು. ಸೇಸಪ್ಪನೂ ಕಾಲೆಳೆದುಕೊಂಡು ಹೊರಟ. ಆದರೆ ಪಿಕಪ್ಪಿನ ಹತ್ತಿರ ಬಂದು ಆ ಗುಡ್ಡವನ್ನು ಕಂಡಾಗ ಅವನ ಮುಖ ಸ್ವಲ್ಪ ಅರಳಿತು.

"ಟಿಕೆಟಿಲ್ಲ ಅಂದ ಮೇಲೆ ಖಲಾಸ್. ಅವರವರ ಸಾಮಾನು ಅವರವರು ತಗೊಳ್ಳಿ, ಬೇಜಾರು ಮಾಡ್ಬೇಡಿ," ಎಂದ.

ಯಾರೂ ಕೈ ಚಾಚಲಿಲ್ಲ. ಅವರೆಲ್ಲ ಆಗಲೇ ಪಿಕಪ್ಪಿನ ಹಿಂದೆ ತಲೆಗೆ ತಲೆ ಸೇರಿಸಿ ಏನೋ ಮಾತಾಡಿಕೊಂಡಿದ್ದರು.

"ವಾಪಸ್ಸಾ?" ಎಂದರು ಆಮಿನಮ್ಮ. "ಮಗಳು ಬೀಗರಿಗೆಲ್ಲ ಹೇಳಿ ಆಯ್ತು. ಈಗ ಕಂಬಳಿ ಹೋಗದಿದ್ರೆ ಮರ್ಯಾದೆ ಉಂಟಾ?"

"ನಮ್ಮ ತಮ್ಮ ಹಳೇ ಮೋಟಾರ ಬಿಚ್ಚಿ ಮಾರೇ ಬಿಟ್ಟಾನ್ರೀ!" ಎಂದ ಫಕೀರಪ್ಪ. "ಅದಕ್ಕ ನಾವೆಲ್ಲಾ ಮಾತಾಡೇವಿ. ಬಿಲ್ಡಿಂಗಿನವ್ರು ಕೂಡಿ ನಿಮಗ ಟಿಕೆಟ್ ತಗಸ್ತೀವಿ."

"ಹೆಚ್ಚಿನ ಲಗೇಜಿಗೂ ನಾವೇ ಕೊಡ್ತೇವೆ ಸೇಸಪ್ಪಣ್ಣ," ಎಂದಳು ಲೂರ್ಡ್ಸ್ ಬಾಯಿ. "ಬೊಂಬಾಯಿ ಸುತ್ತು ಬೇಡ, ಸೀದಾ ಮಂಗಳೂರು ಕಡೆಗೆ. ನೀವು ಹೊರುದು ಮಾತ್ರ."

ಸೇಸಪ್ಪ ಕೊನೆಯ ಹುಲ್ಲುಕಡ್ಡಿಗೆ ಕೈಹಾಕಿದ. "ಆದ್ರೆ ರಜೆ? ಅರ್ಜಿ ಬರೀಬೇಕು, ಅದೆಲ್ಲ ತಡ ಆಗ್ತದೆ..."

"ಬರೀಲಿಕ್ಕೆ ಎಂಥದು? ಜೇಬಿನಲ್ಲೇ ಉಂಟಲ್ಲ," ಎಂದಳು ಆಶಾಲತಾ. "ಮೂರು ವರ್ಷದಿಂದ ಇಸ್ತ್ರಿ ಹಾಕುವಾಗ ತೆಗೆದು ತೆಗೆದು ನನ್ನ ಕೈ ಸೋತಿದೆ." ಗಂಡನ ಮುಖ ನೋಡಿ ಅವಳಿಗೇ ಪಾಪ ಎನಿಸಿರಬೇಕು. ಲೂರ್ಡ್ಸ್ ಬಾಯಿಯ ಮೊಬೈಲಿನಿಂದ ಊರಿಗೆ ಹಚ್ಚಿಕೊಟ್ಟಳು. "ಅತ್ತೆ ಹತ್ರ ಮಾತಾಡಿ. ಸಮಾಧಾನ ಆಗ್ತದೆ."

"ಅಮ್ಮಾ, ಬರ್ತಾ ಇದ್ದೇನೆ," ಎಂದ ಸೇಸಪ್ಪ. "ಜಗಲಿಯಲ್ಲಿ ನಿನ್ನ ಎದುರು ಕೂತು..."

"ಗೊತ್ತಾಯ್ತು ಮಗಾ, ಬಾ. ಆದ್ರೆ ಜಗಲಿಯಲ್ಲಿ ಕೂರ್ಲಿಕ್ಕೆ ಎಲ್ಲಿ ಜಾಗ? ನೀನು ವಾಪಸ್ ಹೋಗುವಾಗ ಕೊಂಡುಹೋಗ್ಲಿಕ್ಕೆ ಅಂತ ಆಮಿನಮ್ಮನ ಮನೆಯವರು ಹಲಸಿನ ಹಪ್ಪಳ ತಂದಿಟ್ಟಿದ್ದಾರೆ. ಲೂರ್ಡ್ಸ್ ಬಾಯಿಯ ಅಕ್ಕ ಒಂದು ಮುಡಿ ಕುಚ್ಚಲಕ್ಕಿ ಇಳಿಸಿ ಹೋದ್ಲು. ಬರುವಾಗ ದೊಡ್ಡ ಚೀಲ ತಾ."

ಪಿಕಪ್ಪು ಫರ್ವಾನಿಯಾದ ಝೆರಾಕ್ಸ್ ಅಂಗಡಿಯ ಮುಂದೆ ನಿಂತಿತು. ಅರ್ಜಿಯನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಓದಿದರು. 'ತಾಯಿಯನ್ನು ನೋಡಲು ಒಂದು ವಾರ' ಎಂಬಲ್ಲಿ ಫಕೀರಪ್ಪನ ಬೆರಳು ನಿಂತಿತು.

"ಒಂದು ವಾರದಾಗ ಗದಗ ಮುಟ್ಟೂದ್ ಹ್ಯಾಂಗ್ರೀ?" ಎಂದು, ಅಂಗಡಿಯವನ ಪೆನ್ನು ಇಸಿದುಕೊಂಡು ವಾರವನ್ನು ಹೊಡೆದು ತಿಂಗಳು ಮಾಡಿದ.

ಅಂಗಡಿಯವನು ಕಾಗದವನ್ನು ಫ್ಯಾಕ್ಸ್ ಯಂತ್ರದ ಬಾಯಿಗಿಟ್ಟ. ಯಂತ್ರ ಒಮ್ಮೆ ಕೀರಲು ದನಿ ತೆಗೆದು ಅದನ್ನು ಒಳಗೆಳೆದುಕೊಂಡಿತು. ಸೇಸಪ್ಪ ಒಂದು ಕೈಯಲ್ಲಿ ಮೋಟಾರು, ಇನ್ನೊಂದರಲ್ಲಿ ಕಂಬಳಿಯ ಗಂಟು ಹಿಡಿದು ನೋಡುತ್ತ ನಿಂತ. ಮೂರು ವರ್ಷದ ಅರ್ಜಿ ಕಣ್ಣೆದುರೇ, ಒಂದು ಪೊಟ್ಟಣವೂ ಇಲ್ಲದೆ, ಕೈಬೀಸಿಕೊಂಡು ಶರ್ಕ್‌ನ ಆಫೀಸಿಗೆ ಹೋಯಿತು.