ಏಳು ತೆನಿ ಸಿನಿಮಾ

ಪ್ರಶಸ್ತಿ ಬಂದ ಸಾಕ್ಷ್ಯಚಿತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಮುಚ್ಚದೆ ನೋಡಿದವರನ್ನು ಕಂಡರೆ ನನಗೆ ಗೌರವ. ಶಿವರಾತ್ರಿಯ ಜಾಗರಣೆ ಮಾಡುವವರ ಬಗ್ಗೆ ಇರುವಂಥದೇ ಗೌರವ: ಅವರು ಮಾಡಲಿ, ಪುಣ್ಯವೂ ಅವರಿಗೇ ಇರಲಿ. ನನ್ನ ತೊಂದರೆ ಏನೆಂದರೆ, ಈ ಚಿತ್ರಗಳು ನನಗೆ ನಿಜವಾಗಿಯೂ ಇಷ್ಟ. ರಾಜಕೀಯ, ಸಂಘರ್ಷ, ಒಬ್ಬ ಮನುಷ್ಯನ ಬದುಕಿನ ಹೋರಾಟ, ಇವುಗಳಲ್ಲಿ ಯಾವುದಿದ್ದರೂ ಶ್ರದ್ಧೆಯಿಂದ ಕೂತು ನೋಡುತ್ತೇನೆ. ಹತ್ತು ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಪರದೆಯ ಮೇಲೆ ಯಾರೋ ಕಿಟಕಿಯಿಂದ ಹೊರಗೆ ನೋಡತೊಡಗುತ್ತಾರೆ. ಮಾತಿಲ್ಲ, ಸಂಗೀತವಿಲ್ಲ. ಅವರು ಇನ್ನೂ ಹೊರಗೆ ನೋಡುತ್ತಿರುವಾಗಲೇ ನಾನು ಒಳಗೆ ಇಳಿದುಬಿಟ್ಟಿರುತ್ತೇನೆ.

ನಿದ್ದೆ ಬರುವುದಾದರೆ ಹೋಗುವುದೇಕೆ ಎಂದು ನೀವು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಓಡಾಡಿ, ಇಂಗ್ಲಿಷ್ ಪರೀಕ್ಷೆಯನ್ನು ಮೂರು ಸಲ ಬರೆದು ಪಡೆದ ಬಿ.ಎ. ನನ್ನದು. ಒಂದೇ ಸಲಕ್ಕೆ ಪಾಸಾದವರು ಆ ಪುಸ್ತಕವನ್ನು ನನ್ನಷ್ಟು ಆಳವಾಗಿ ಓದಿಲ್ಲ ಎಂದೇ ನನ್ನ ನಂಬಿಕೆ. ನವನಗರದ ನಮ್ಮ ಮನೆಯ ಬಾಗಿಲ ಫಲಕದಲ್ಲಿ ಹೆಸರಿಗಿಂತ ಬಿ.ಎ. ಅಕ್ಷರಗಳು ತುಸು ದಪ್ಪ. ಪೇಂಟರನ ತಪ್ಪು ಎಂದು ಕೇಳಿದವರಿಗೆ ಹೇಳುತ್ತೇನೆ. ಕೆಲಸ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಪಂಪಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ. ಅಲ್ಲಿ ನಟ್ಟು ಬೋಲ್ಟುಗಳ ನಡುವೆ ಬಿ.ಎ.ಗೆ ಅಂಥ ಕೆಲಸವೇನೂ ಇಲ್ಲ. ಹಾಗಾಗಿ, ಪೆಟ್ಟಿಗೆಯ ರೇಷ್ಮೆ ಸೀರೆಗೆ ಗಾಳಿ ಆಡಿಸುವ ಹಾಗೆ, ಭಾನುವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆಯುತ್ತೇನೆ.

ಹೊರಗೆ ತೆಗೆಯಲು ತಕ್ಕ ಜಾಗವೂ ಇದೆ. ನಿವೃತ್ತ ಹೆಡ್ಮಾಸ್ಟರ್ ಪಾಟೀಲ ಸರ್ ನಮ್ಮ ಬಡಾವಣೆಯ ಸಭಾಭವನದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಇಂಥ ಚಿತ್ರ ತೋರಿಸುತ್ತಾರೆ. ನಾನು, ಹೆಂಡತಿ ಗಿರಿಜಾ, ನಮ್ಮ ಅವ್ವ, ಮೂವರೂ ಹೋಗುತ್ತೇವೆ. ನಾನು ಪದವಿಯ ಸಲುವಾಗಿ, ಗಿರಿಜಾ ನನ್ನನ್ನು ಕಾಯುವ ಸಲುವಾಗಿ, ಅವ್ವ ಸಿನಿಮಾ ನೋಡುವ ಸಲುವಾಗಿ.

ಇಂಥ ಚಿತ್ರಗಳ ಆರಂಭದಲ್ಲಿ ಎಲೆಯ ಎರಡು ಟೊಂಗೆಗಳು ಎದುರುಬದುರು ಬಾಗಿ, ನಡುವೆ ಸಣ್ಣ ಅಕ್ಷರದಲ್ಲಿ ಪ್ರಶಸ್ತಿಯ ಹೆಸರು ಬರೆದಿರುತ್ತದಲ್ಲ, ಮೊದಲ ದಿನವೇ ಅವ್ವನ ಕಣ್ಣು ಅದರ ಮೇಲೆ ಬಿತ್ತು.

“ತಮ್ಮಾ, ಇಲ್ಲಿ ಜ್ವಾಳದ ತೆನಿ ಯಾಕ ಹಾಕ್ಯಾರೋ?”

“ತೆನಿ ಅಲ್ಲವ್ವಾ, ಅದು ಬಹುಮಾನದ ಗುರುತು.”

“ಹಂಗಾರ ತೆನೀನ ಆತಲ್ಲ. ಬಿತ್ತಿದವ್ರಿಗೆ ಮತ್ತೇನು ಬಹುಮಾನ ಬರ್ತೈತಿ?”

ಜನ್ಮವಿಡೀ ಜೋಳ ಬಿತ್ತಿ, ಕೊಯ್ದು, ತೂರಿದವಳ ಎದುರು ವಾದ ನಡೆಯುವುದಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸಿನಿಮಾಗಳನ್ನು ತೆನೆಯಲ್ಲಿ ಅಳೆಯುವುದು ರೂಢಿಯಾಯಿತು. ಗಿರಿಜಾಳಂತೂ ಅದರಿಂದ ಒಂದು ಸೂತ್ರವನ್ನೇ ಕಟ್ಟಿದಳು: “ಒಂದ್ ತೆನಿದಾದ್ರ ಇವ್ರು ಅರ್ಧ ತಾಸು ಎಚ್ಚರ ಇರ್ತಾರ. ಮೂರು ತೆನಿ ಅಂದ್ರ ಚಾ ಆರೂದ್ರಾಗ ಗೊರಕಿ.”

ಹಿಂದಿನ ತಿಂಗಳು ಬಂದದ್ದು ಏಳು ತೆನೆಯ ಸಿನಿಮಾ. ಮನೆಯಲ್ಲಿ ಅಂದು ಎಣ್ಣೆಗಾಯಿ, ಬಿಸಿ ರೊಟ್ಟಿ, ಮೇಲೆ ಗಟ್ಟಿ ಮೊಸರು. ಏಳು ತೆನೆಗಳನ್ನು ಎಣಿಸಿ ಮುಗಿಸಿದ್ದು ನೆನಪಿದೆ. ಮುಂದೆ ನೆನಪಿರುವುದು ಚಪ್ಪಾಳೆ.

ಮಾರನೆಯ ದಿನ ಪಾಟೀಲ ಸರ್ ಮನೆಗೇ ಬಂದರು. “ಬಸವರಾಜ ಅವ್ರ, ನಿನ್ನಿ ಚಿತ್ರದ ನಿರ್ದೇಶಕಿ ಬರೂ ಭಾನುವಾರ ಬರಾಕತ್ತಾರ. ಅವ್ರ ಜೋಡಿ ವೇದಿಕಿ ಮ್ಯಾಗ ಕುಂತು ಮಾತಾಡಾಕ ನೀವ ಬೇಕ್ರಿ.”

“ನಾನ್ಯಾಕ್ರೀ ಸರ್?”

“ನಾ ಹಿಂದ ಕುಂತು ನೋಡೇನಲ್ರೀ. ಎಲ್ಲಾರೂ ಮೊಬೈಲ್ ತಿಕ್ಕಾಕತ್ತಿದ್ರು. ನೀವೊಬ್ರ ಕಣ್ಣು ಮುಚ್ಚಿ, ತಲಿ ಬಗ್ಗಿಸಿ, ಚಿತ್ರದ ಒಳಗ ಇಳದ ಬಿಟ್ಟಿದ್ರಿ. ಓದಿದವ್ರ ಲಕ್ಷಣ ಅದು!”

ಒಳಗಿನಿಂದ ಗಿರಿಜಾಳ ಕೆಮ್ಮು ಕೇಳಿಸಿತು. ಆ ಕ್ಷಣದಲ್ಲೇ ‘ನಿದ್ದೆ ಹೋಗಿದ್ದೆ ಸರ್’ ಎಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಓದಿದವ್ರು’ ಎಂಬ ಮಾತಿಗೆ ನಾನು ಇಂದಿಗೂ ಸೋಲುತ್ತೇನೆ. ಆಗಲಿ ಎಂದೆ. ನೆನಪಿನ ಕಾಣಿಕೆಯಲ್ಲಿ ಹೆಸರು ಹಾಕಿಸುವುದಿದ್ದರೆ ಮುಂದೆ ಬಿ.ಎ. ಮರೆಯಬೇಡಿ ಎಂದೂ ಸೂಚಿಸಿದೆ.

ವಾರವಿಡೀ ಸ್ಟೋರಿನಲ್ಲಿ ಕೂತು ಪ್ರಭುತ್ವ, ಪ್ರತಿರೋಧ, ಅಸ್ಮಿತೆ ಮುಂತಾದ ಶಬ್ದಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಯಾವ ಚಿತ್ರಕ್ಕೂ ಸರಿಹೊಂದುವ ಸೈಜಿನ ಬೋಲ್ಟುಗಳವು. ಆದರೆ ಕೂಡಿಸಲು ಚಿತ್ರವೇ ನನ್ನ ಹತ್ತಿರ ಇರಲಿಲ್ಲ. ನೋಡಿರದ ಚಿತ್ರದ ಬಗ್ಗೆ, ಅದನ್ನು ಮಾಡಿದವಳ ಮಗ್ಗುಲಲ್ಲೇ ಕೂತು, ಇಡೀ ನವನಗರದೆದುರು ಮಾತಾಡಬೇಕು! ತಡವರಿಸಿದರೆ ಬಾಗಿಲ ಫಲಕದ ದಪ್ಪ ಅಕ್ಷರಗಳ ಗತಿ ಏನು? ಶನಿವಾರ ಸಂಜೆ ಬೇರೆ ದಾರಿ ಕಾಣದೆ, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವ್ವನ ಎದುರು ಹೋಗಿ ಕೂತೆ.

“ಅವ್ವಾ, ಆ ಏಳು ತೆನಿ ಸಿನಿಮಾದಾಗ ಸಂಘರ್ಷ ಏನಿತ್ತು?”

“ಸಂಘರ್ಷ ನನಗ ಗೊತ್ತಿಲ್ಲಪಾ. ಸಹಿ ಇತ್ತು.”

ಅವ್ವ ಸೊಪ್ಪಿನಿಂದ ಕಣ್ಣೆತ್ತದೆ ಕತೆ ಹೇಳಿದಳು. ಒಂದು ಊರಲ್ಲಿ ಒಬ್ಬ ಹೆಣ್ಣುಮಗಳು ಪಂಚಾಯ್ತಿ ಅಧ್ಯಕ್ಷೆಯಾಗುತ್ತಾಳೆ. ಕುರ್ಚಿ ಅವಳದು, ಕಾರಭಾರ ಗಂಡನದು. “ಮೊದಲ ಸಹಿ ಮಾಡೂಮುಂದ ಆಕಿ ಒಂದು ಕೈಲೆ ತಲಿ ಮ್ಯಾಗಿನ ಸೆರಗು ಹಿಡದಿದ್ಲು. ಒಂದ ಕೈಲೆ ಬರದ್ರ ಕಾಗದ ನಿಲ್ತೈತೇನು? ಸರಿಯಾಕತ್ತಿತ್ತು. ಗಂಡ ಬಂದು ಒತ್ತಿ ಹಿಡದ. ಪೆನ್ನು ಆಕಿ ಕೈಯಾಗ, ಕಾಗದ ಅವನ ಕೈಯಾಗ. ಕಡೀಕ ನೋಡು, ಸೆರಗು ಸೊಂಟಕ್ಕ ಸಿಗಿಸಿ, ಎಡಗೈಲೆ ತಾನ ಕಾಗದ ಒತ್ತಿ ಹಿಡದು ಸಹಿ ಮಾಡಿದ್ಲು. ಗಂಡ ಬಾಗಿಲದಾಗ ನಿಂತಿದ್ದ.”

“ಅಷ್ಟೇನ?” ಎಂದೆ.

“ಅಷ್ಟ ಅಂದ್ರ? ನಿನ್ನ ಮಾರ್ಕ್ಸ್ ಕಾರ್ಡಿಗೆ ನಾ ಸಹಿ ಮಾಡೂಮುಂದ ಕಾಗದ ಯಾರು ಹಿಡೀತಿದ್ರು?”

ನಾನೇ ಹಿಡಿಯುತ್ತಿದ್ದೆ. ಸಹಿ ಕಲಿತ ಹೊಸದರಲ್ಲಿ ಅವ್ವನೂ ಒಂದು ಕೈಯಲ್ಲಿ ಸೆರಗು ಹಿಡಿದೇ ಬರೆಯುತ್ತಿದ್ದಳು. ನಾನು ಕಾರ್ಡನ್ನು ನೆಲಕ್ಕೆ ಒತ್ತಿ, ಹೆಬ್ಬೆರಳನ್ನು ಸರಿಯಾಗಿ ಇಂಗ್ಲಿಷಿನ ಅಂಕದ ಮೇಲೆ ಇಡುತ್ತಿದ್ದೆ. ಪ್ರತಿ ಸಲವೂ.

“ನಿನ್ನ ಹೆಬ್ಬಟ್ಟು ಯಾವಾಗ್ಲೂ ಒಂದ ಜಾಗಾದಾಗ ಇರ್ತಿತ್ತು,” ಎಂದಳು ಅವ್ವ. “ಅಕ್ಷರ ಬರದಿದ್ರೂ ಅಂಕಿ ಬರ್ತಿತ್ತು ನನಗ. ಸಂತ್ಯಾಗ ಕಾಯಿಪಲ್ಲೆ ಮಾರಿದಾಕಿ ನಾನು.”

ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಎನಿಸಿಕೊಳ್ಳಬೇಕಾದವನು ನಾನೊಬ್ಬನೇ ಎಂದು ನನಗೆ ಆಗ ಗೊತ್ತಾಯಿತು, ಬಿ.ಎ. ಪಾಸಾದ ಎಷ್ಟೋ ವರ್ಷಗಳ ನಂತರ.

ಭಾನುವಾರ ಸಭಾಭವನ ತುಂಬಿತ್ತು. ಬಿಳಿಯ ಸೀರೆಯ ಅವ್ವ, ಪಕ್ಕದಲ್ಲಿ ಗಿರಿಜಾ, ಮೂರನೆಯ ಸಾಲಿನಲ್ಲಿದ್ದರು. ನಿರ್ದೇಶಕಿ ಸಹನಾ ಹುಬ್ಬಳ್ಳಿಯ ಹುಡುಗಿ, ಏಳು ಪ್ರಶಸ್ತಿ ಬಂದರೂ ಬರುವ ದಾರಿಯಲ್ಲಿ ಗಿರ್ಮಿಟ್ ತಿಂದು ಬಂದಿದ್ದಳು. ನಾನು ಮೊದಲು ಚೀಟಿಯ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಬಿಗಿದೆ. ಅವಳು ಸೌಜನ್ಯದಿಂದ ತಲೆಯಾಡಿಸಿದಳು. ಆಮೇಲೆ ತಟ್ಟನೆ ಕೇಳಿದಳು: “ಸರ್, ಅದೆಲ್ಲಾ ಇರಲಿ. ನಿಮ್ಮ ಮನಸಿನಾಗ ಉಳದ ಒಂದ ದೃಶ್ಯ ಹೇಳ್ರಿ.”

ಚೀಟಿ ಖಾಲಿಯಾಗಿತ್ತು. ನಾನು ಸೆರಗಿನ ಕತೆ ಹೇಳಿದೆ: ಮೊದಲ ಸಹಿ, ಸರಿಯುವ ಕಾಗದ, ಗಂಡನ ಕೈ, ಕೊನೆಯ ಸಹಿಗೆ ಅವಳೇ ಒತ್ತಿದ ಎಡಗೈ, ಬಾಗಿಲು. ಅವ್ವ ಹೇಳಿದ್ದಕ್ಕೆ ಗ್ರಾಂಥಿಕ ಕನ್ನಡದ ಕೋಟು ತೊಡಿಸಿ ಹೇಳಿದೆ.

ಸಹನಾ ಕುರ್ಚಿಯಿಂದ ಎದ್ದೇಬಿಟ್ಟಳು. “ಸರ್! ಆ ಎಡಗೈ ಸಲುವಾಗಿನ ನಾ ಇಡೀ ಚಿತ್ರ ಮಾಡೀನ್ರಿ. ಎಲ್ಲೆಲ್ಲೋ ತೋರಿಸೇನಿ, ಒಬ್ರೂ ಅದನ್ನ ಕೇಳಲಿಲ್ಲ. ನಿಮಗ ಹೆಂಗ ಕಂಡ್ತ್ರಿ?”

ಈಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಮೂರನೆಯ ಸಾಲಿನಲ್ಲಿ ಅದು ಬಿಳಿಯ ಸೀರೆಯುಟ್ಟು ನನ್ನನ್ನೇ ನೋಡುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಚಪ್ಪಾಳೆ ಬಿದ್ದವು. ಚಪ್ಪಾಳೆಗೆ ಮನುಷ್ಯ ಎಷ್ಟು ಬೇಗ ಕೆಡುತ್ತಾನೆ ನೋಡಿ. “ಸೂಕ್ಷ್ಮವಾಗಿ ನೋಡಿದರೆ ಎಲ್ಲವೂ ಕಾಣುತ್ತದೆ,” ಎಂದುಬಿಟ್ಟೆ.

“ನಾ ಹೇಳಲಿಲ್ಲೇನು?” ಪಾಟೀಲ ಸರ್ ಮೈಕಿಗೆ ಬಾಯಿ ಹಚ್ಚಿದರು. “ಇವ್ರಿಗೆ ಕಣ್ಣು ಮುಚ್ಚಿದ್ರೂ ಕಾಣ್ತೈತಿ!”

ಗಿರಿಜಾ ಕೆಮ್ಮುತ್ತಾ ಎದ್ದು ಹೊರಗೆ ಹೋದಳು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು. ಅವ್ವ ಮಾತ್ರ ಕೂತಲ್ಲೇ ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಶಾಲು ಹೊದಿಸಿ ಹಿತ್ತಾಳೆಯ ಫಲಕ ಕೊಟ್ಟರು. ಅದರ ಮೇಲೂ ಎದುರುಬದುರು ಬಾಗಿದ ಎರಡು ಟೊಂಗೆ, ನಡುವೆ ನನ್ನ ಹೆಸರು. ಮನೆಗೆ ಬಂದೆವು. ಬಾಗಿಲು ತೆಗೆಯುತ್ತಾ ಗಿರಿಜಾ ಅಂದಳು: “ಅತ್ತೀ, ಗೊರಕಿಗೂ ಶಾಲು ಹೊಚ್ಚತಾರಂತ ನನಗ ಇವತ್ತ ಗೊತ್ತಾತ್ರಿ.”

ಅವ್ವ ಫಲಕವನ್ನು ಈಸಿಕೊಂಡು ಬೆಳಕಿಗೆ ಹಿಡಿದಳು. ಹೊಲದಲ್ಲಿ ತೆನೆ ತಿಕ್ಕಿ ನೋಡುವ ಹಾಗೆ ಆ ಟೊಂಗೆಗಳ ಮೇಲೆ ಬೆರಳಾಡಿಸಿದಳು.

“ತೆನಿ ನೋಡಾಕ ಛಲೋ ಅದಾವು. ಬರೇ ಜೊಳ್ಳು. ಒಳಗ ಕಾಳಿಲ್ಲ.”

“ಅವ್ವಾ, ಅದು ಹಿತ್ತಾಳಿ.”

“ಹಿತ್ತಾಳಿ ಅಂತ ನನಗೂ ಕಾಣ್ತೈತಿ ತಮ್ಮಾ. ನಾ ಏನು ಹಿತ್ತಾಳಿಗೆ ಅಂದ್ನೇನು?”

ಅಷ್ಟು ಹೇಳಿ, ಬೈಯದೆ, ನಗುತ್ತಲೇ ಫಲಕವನ್ನು ನನ್ನ ಕೈಗೆ ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕೆಳಗೆ ನೋಡಿದರೆ, ನನ್ನ ಹೆಬ್ಬೆರಳು ಹಳೆಯ ಅಭ್ಯಾಸದಂತೆ ತಾನಾಗಿಯೇ ಹೋಗಿ, ಹೆಸರಿನ ಮುಂದಿನ ಬಿ.ಎ. ಮೇಲೆ ಕೂತಿತ್ತು.